ಕೆಳಗಿನಿಂದ ಮೇಲಕ್ಕೆ ಸುರಿಯುವ ಮಳೆಗೆ ಹೇಳಿ ಮಾಡಿಸಿದ ಚಾವಣಿ

ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಗಾರೆಯವರು ಮಟ್ಟ ನೋಡುವ ರಸಮಟ್ಟವನ್ನು ಸಿಕ್ಕಿಸಿಕೊಂಡು ಓಡಾಡುವ ಕಾರಣಕ್ಕೆ ಊರೆಲ್ಲ ‘ರಸಮಟ್ಟ’ ಎಂದೇ ಕರೆಯುವ ಚಾವಣಿ ಕಂಟ್ರಾಕ್ಟರ್ ಮಹಾಶಯರಿಗೆ, ತಾವೇ ಚಾವಣಿ ಹೊದಿಸಿದ ಮನೆಯ ನಡುಕೋಣೆಯಲ್ಲಿ ಛತ್ರಿ ಬಿಚ್ಚಿಕೊಂಡು ಕುಳಿತು ಬರೆಯುತ್ತಿರುವ, ಬೀದಿಗೆಲ್ಲ ಮಾಮನಾದವನ ಒದ್ದೆ ಕೈಗಳ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವು ಕ್ಷೇಮ. ಗೋಡೆಯ ಕಡೆ ಕುಳಿತವರು ಪೂರ್ತಿ ಕ್ಷೇಮ, ಕೋಣೆಯ ನಡುವೆ ಕುಳಿತವರು ಅರ್ಧ ಕ್ಷೇಮ. ತಾವೂ, ತಮ್ಮ ಏಣಿಯೂ, ತಮ್ಮ ಇಬ್ಬರು ಕೆಲಸಗಾರರೂ ಒಣಗಿದ ಸ್ಥಿತಿಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಪತ್ರದಲ್ಲಿ ಮೊದಲು ಕ್ಷೇಮ, ಆಮೇಲೆ ವಿಷಯ, ಕಡೆಗೆ ಬೇಡಿಕೆ ಬರಬೇಕೆಂದು ನಮ್ಮ ಹಳ್ಳಿಯ ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದಾರೆ. ಆ ಶಾಲೆಯ ಏಳನೇ ಕ್ಲಾಸಿನಲ್ಲಿ ಕೈಬರಹಕ್ಕೆ ಮೊದಲನೆಯವನಾಗಿ ಬಂದವನು ನಾನೇ ಎಂಬುದನ್ನೂ, ಕ್ಲಾಸಿನಲ್ಲಿ ಇದ್ದದ್ದೇ ನಾಲ್ಕು ಜನ ಎಂದು ಹೇಳಿಕೊಂಡು ತಿರುಗುವವರು ಹೊಟ್ಟೆಕಿಚ್ಚಿನವರು ಎಂಬುದನ್ನೂ ಈ ಸಂದರ್ಭದಲ್ಲಿ ತಮ್ಮ ಗಮನಕ್ಕೆ ತರುತ್ತೇನೆ. ಕೈಬರಹದ ಮಾತು ಮುಂದೆಯೂ ಬರಲಿದೆ.

ಈ ಪತ್ರವನ್ನು ತಮ್ಮ ಮನೆಗೆ ಕಳಿಸದೆ, ತಾವು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ನಿಲ್ಲುವ ಹಾರ್ಡ್‌ವೇರ್ ಅಂಗಡಿಯ ಹಲಗೆಗೆ, ಬಣ್ಣದ ಡಬ್ಬಿಗಳ ಜಾಹೀರಾತಿನ ಮೇಲೆಯೇ ಅಂಟಿಸುತ್ತಿದ್ದೇನೆ. ಹೀಗೆ ನಾಲ್ಕು ಜನ ಓದುವ ಜಾಗದಲ್ಲಿ ಏಕೆ ಎಂದು ತಾವು ಕೇಳಬಹುದು. ಅದನ್ನು ಆಮೇಲೆ ಹೇಳುತ್ತೇನೆ. ನಾನು ಹೇಳದೆ ಹೋದರೆ ಹೇಳಿಸುವವರು ಮನೆಯಲ್ಲಿ ಕತ್ತರಿ ಹಿಡಿದು ಕುಳಿತಿದ್ದಾರೆ.

ವಿಷಯ, ಸೋರುವುದು. ತಾವು ತಗಡಿನ ಶೀಟು ಹೊದಿಸಿ ಹೋದ ಮೇಲೆ ಮೂರು ಮಳೆಯಾಯಿತು. ಮೊದಲ ಮಳೆಗೆ ಎರಡು ಬಕೆಟ್ಟು ಇಟ್ಟೆವು, ಎರಡನೆಯದಕ್ಕೆ ಅಡುಗೆಮನೆಯ ಪಾತ್ರೆಗಳೆಲ್ಲ ಹೊರಬಂದವು, ಮೂರನೆಯದಕ್ಕೆ ಇಡುವುದಕ್ಕೆ ಏನೂ ಉಳಿಯದೆ ನಾನೇ ಒಂದು ಕಡೆ ಕುಳಿತೆ. ಆದರೂ ಹೊಗಳುವ ಕಡೆ ಹೊಗಳಲೇಬೇಕು. ಬೇರೆ ಕಂಟ್ರಾಕ್ಟರುಗಳ ಚಾವಣಿ ಸೋರುವುದನ್ನು ನಾನು ನೋಡಿದ್ದೇನೆ. ಅಲ್ಲೊಂದು ಹನಿ, ಇಲ್ಲೊಂದು ಹನಿ, ಒಂದು ಕ್ರಮವಿಲ್ಲ, ಶಿಸ್ತಿಲ್ಲ. ತಮ್ಮದು ಹಾಗಲ್ಲ. ಮೇಲಿನ ಸಾಲಿನ ಶೀಟೂ ಕೆಳಗಿನ ಸಾಲಿನ ಶೀಟೂ ಕೂಡುವ ಜಾಗದಲ್ಲಿ, ಈ ಗೋಡೆಯಿಂದ ಆ ಗೋಡೆಯವರೆಗೆ, ದಾರ ಹಿಡಿದು ಗೆರೆ ಎಳೆದಂತೆ ಒಂದೇ ನೇರದಲ್ಲಿ ನೀರು ಇಳಿಯುತ್ತದೆ. ಕೋಣೆಗೆ ಪರದೆ ಇಲ್ಲವೆಂದು ಕೊರಗುತ್ತಿದ್ದೆವು, ಆ ಕೊರತೆಯೂ ನೀಗಿತು.

ತೊಂದರೆ ಏನೆಂದರೆ, ಆ ಪರದೆ ಸರಿಯಾಗಿ ನಮ್ಮ ಅಕ್ಕನ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಇಳಿಯುತ್ತದೆ. ಬೀದಿಗೆಲ್ಲ ಟೈಲರಕ್ಕ ಆಗಿರುವ ನಮ್ಮ ಅಕ್ಕ, ಶಾಲೆ ತೆರೆಯುವ ಹೊತ್ತಿಗೆ ಅರವತ್ತೆರಡು ಬಿಳಿ ಶರಟು ಹೊಲಿದು ಕೊಡಲು ಒಪ್ಪಿಕೊಂಡಿದ್ದಾಳೆ. ಅಟ್ಟದ ಹಲಗೆಯ ಹಳೇ ಧೂಳನ್ನೆಲ್ಲ ತೊಳೆದುಕೊಂಡು ಬಂದ ನೀರಿಗೆ ಅದರಲ್ಲಿ ಏಳು ಶರಟು ಚಹಾದ ಬಣ್ಣಕ್ಕೆ ತಿರುಗಿವೆ. ಒಂದರ ಬೆನ್ನ ಮೇಲಂತೂ ನದಿ, ಬೆಟ್ಟ, ಸಮುದ್ರ ಎಲ್ಲ ಮೂಡಿದ್ದು ಕಂಡು, ಭೂಗೋಳದ ಪಾಠಕ್ಕೆ ಅನುಕೂಲವಾಯಿತಲ್ಲ ಎಂದು ನಾನು ಸಮಾಧಾನ ಹೇಳಿದೆ. ಅಕ್ಕ ನಗಲಿಲ್ಲ. “ಭಾನುವಾರದೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ಮಿಷಿನ್ ಎತ್ಕೊಂಡು ಲಾಂಡ್ರಿ ಅಂಗಡಿ ಮೇಲಿನ ರೂಮಿಗೆ ಹೋಗ್ತೀನಿ, ನೀನು ನಿನ್ನ ಚಾವಣಿ ಜೊತೆ ಸಂಸಾರ ಮಾಡ್ಕೊಂಡಿರು” ಎಂದಳು. ಬರೀ ಬೆದರಿಕೆ ಅಂದುಕೊಂಡಿದ್ದೆ. ಆದರೆ ಆ ರೂಮಿನ ಕೀಲಿಕೈ ಈಗಾಗಲೇ ಅವಳ ಸೂಜಿಡಬ್ಬಿಯಲ್ಲಿದೆ. ಮಾನ್ಯರೇ, ಇಪ್ಪತ್ತಾರು ವರ್ಷದಿಂದ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿರುವುದು ಆ ಮಿಷಿನ್ನಿನ ಸದ್ದು. ಅದು ಹೋದರೆ ನಾನು ಏಳುವ ಸಂಭವ ಕಡಿಮೆ.

ಆದಕಾರಣ ಜವಾಬ್ದಾರಿಯುಳ್ಳ ಮನೆ ಯಜಮಾನನಾಗಿ ನಾನು ಮಾಡಬೇಕಾದ್ದನ್ನು ಮಾಡಿದೆ, ಅಂದರೆ ತಮ್ಮನ್ನು ಬೈದೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಉಳಿದಿರುವಾಗ ಬೈದೆ, ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ತಪ್ಪಿಸಿಕೊಂಡು ಬೈದೆ, ನಮ್ಮ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ “ಇದು ರಸಮಟ್ಟನ ಕೆಲಸ, ಒಳಗೆ ಬಂದು ಮೀಯಿರಿ” ಎಂದು ಮುತ್ತು ಪೋಣಿಸಿದ ಅಕ್ಷರದಲ್ಲಿ ಬರೆದೆ. ಇದನ್ನೆಲ್ಲ ಕೇಳಿ ಔಷಧಿ ಅಂಗಡಿಯವರೂ, ಬೀದಿಯ ಕೊನೆಯ ನಿವೃತ್ತ ಹೆಡ್‌ಮಿಸ್ಸೂ ತಮಗೆ ಕೊಟ್ಟಿದ್ದ ಕೆಲಸವನ್ನು ವಾಪಸು ತೆಗೆದುಕೊಂಡರೆಂದು ತಿಳಿದಾಗ ನನ್ನ ಮಾತಿಗೆ ಇಷ್ಟು ಬೆಲೆಯಿದೆಯೇ ಎಂದು ನನಗೇ ಆಶ್ಚರ್ಯವಾಯಿತು. ತಾವು ಮಾತ್ರ ತಿರುಗಿ ಒಂದು ಮಾತು ಬೈಯಲಿಲ್ಲ. ಇದೇ ಹಾರ್ಡ್‌ವೇರ್ ಅಂಗಡಿಯವರ ಕೈಲಿ “ಮಾಮ ಮೇಲಿನ ಸಾಲಿನ ಮೊದಲನೇ ಶೀಟಿನ ಅಡಿ ಒಂದ್ಸಲ ನೋಡ್ಲಿ, ನೋಡಿದ್ಮೇಲೂ ಬೈಯೋ ಹಂಗಿದ್ರೆ ಬೈಲಿ” ಎಂದು ಹೇಳಿ ಕಳಿಸಿದಿರಿ.

ನೋಡೋಣವೆಂದು ಗುರುವಾರ ಬೆಳಿಗ್ಗೆ ಏಣಿ ಹಾಕಿದೆ. ತಮ್ಮ ಮೋಸ ಬಯಲಾಗುವುದನ್ನು ನೋಡಲು ಸಾಕ್ಷಿಗಳಿರಲಿ ಎಂದು ಎದುರುಮನೆಯ ಕಾಂಪೌಂಡರನ್ನೂ, ಅಳತೆ ಕೊಡಲು ಬಂದಿದ್ದ ಮೂವರು ಹೆಂಗಸರನ್ನೂ ನಿಲ್ಲಿಸಿಕೊಂಡೆ. ಅಕ್ಕ ಏಣಿ ಹಿಡಿದಿದ್ದಳು. ಅಟ್ಟದ ಹಲಗೆ ಸರಿಸಿ ಟಾರ್ಚು ಬಿಟ್ಟರೆ, ಶೀಟಿನ ಅಡಿಯಲ್ಲಿ ಕಪ್ಪು ಪೇಂಟಿನಲ್ಲಿ, ಮೊಳದುದ್ದಕ್ಕೆ, ನನ್ನದೇ ಸಹಿ. ಅದರ ಪಕ್ಕದಲ್ಲಿ ನನ್ನದೇ ಕೈಯಿಂದ “ಸರಿಯಾಗಿದೆ” ಎಂದು ಬರೆದು ಎರಡು ಗೆರೆ. ಅದರ ಮೇಲೆ ತಮ್ಮ ಇರುವೆಸಾಲಿನಂಥ ಅಕ್ಷರದಲ್ಲಿ: “ಕೆಳಗಿನಿಂದ ಹೊದಿಸಬೇಕೆಂದು ಎರಡು ಸಲ ಹೇಳಿದ್ದೇನೆ. ಮನೆಯವರ ಅಪ್ಪಣೆಯಂತೆ ಮೇಲಿನಿಂದ ಹೊದಿಸುತ್ತಿದ್ದೇನೆ. ಸೋರುತ್ತದೆ.”

ಏನು ಕಾಣಿಸುತ್ತದೆ ಎಂದು ಅಕ್ಕ ಕೆಳಗಿನಿಂದ ಕೇಳಿದಳು. ಏನಿಲ್ಲ, ಒಂದು ಹಲ್ಲಿ ಎಂದೆ. “ಹಲ್ಲಿ ನೋಡಿ ನಿನ್ನ ಮುಖ ಯಾಕೋ ಹಿಂಗಾಯ್ತು? ಇಳಿ ಕೆಳಗೆ” ಎಂದವಳೇ ಕನ್ನಡಕ ಹಾಕಿಕೊಂಡು ತಾನೇ ಹತ್ತಿದಳು. ಹತ್ತಿ, ನಿಂತು, ಶಾಲೆಯ ಮಕ್ಕಳು ಪಾಠ ಓದುವಂತೆ ಬಿಡಿಬಿಡಿಸಿ, ಬೀದಿಗೆ ಕೇಳುವ ಹಾಗೆ ಎರಡು ಸಲ ಓದಿದಳು. ಎರಡನೇ ಸಲ ಕಾಂಪೌಂಡರೂ ದನಿಗೂಡಿಸಿದರು.

ಈಗ ಆ ದಿನದ ಸಂಗತಿಯನ್ನು ಇದ್ದದ್ದು ಇದ್ದಂತೆ ಬರೆಯಬೇಕೆಂದು ಅಕ್ಕನ ಆಜ್ಞೆ. ಮೋಡ ಕವಿದಿತ್ತು. ಶೀಟನ್ನು ಕೆಳಗಿನ ಅಂಚಿನಿಂದ ಶುರುಮಾಡಿ, ಮೀನಿನ ಮೈಮೇಲಿನ ಹುರುಪೆಯ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರುವಂತೆ ಹೊದಿಸಬೇಕೆಂದು ತಾವು ಹೇಳಿದಿರಿ. ಮಳೆ ಬೀಳುವುದು ಮೇಲಿನಿಂದ, ಆದ್ದರಿಂದ ಮೊದಲು ಮೇಲೆ ಮುಚ್ಚಬೇಕು, ಇದಕ್ಕೆ ಕಂಟ್ರಾಕ್ಟರಿಕೆ ಬೇಡ, ತಲೆ ಸಾಕು ಎಂದು ನಾನು ಹೇಳಿದೆ. ಆಗಲಿ, ಮೇಲಿನ ಸಾಲಿನ ತುದಿಯನ್ನಾದರೂ ಸಡಿಲ ಬಿಟ್ಟರೆ ಕೆಳಗಿನದನ್ನು ಅದರಡಿಗೆ ತೂರಿಸಬಹುದೆಂದು ತಾವು ಹೇಳಿದಿರಿ. ಸಡಿಲ ಎಂಬ ಮಾತೇ ನನ್ನ ಮನೆಯಲ್ಲಿ ಕೇಳಬಾರದೆಂದು ನಾನು ಛತ್ರಿಯ ತುದಿಯಿಂದ ತೋರಿಸಿ ತೋರಿಸಿ ಕೊನೆಯ ಸ್ಕ್ರೂವರೆಗೆ ಬಿಗಿಸಿದೆ. ಆಮೇಲೆ ಕೆಳಗಿನ ಸಾಲು ಮೇಲಿನದರ ಮೇಲೆ ಕೂರದೆ ಇನ್ನೆಲ್ಲಿ ಕೂತೀತು, ಮೇಲಿನಿಂದ ಇಳಿದ ನೀರು ಆ ಸಂದಿಗೆ ನುಗ್ಗದೆ ಇನ್ನೆಲ್ಲಿಗೆ ಹೋದೀತು? ಮೊದಲ ಶೀಟು ಮೇಲೇರುವ ಮುಂಚೆ ತಾವು ಬ್ರಷ್ಷು ಅದ್ದಿಕೊಟ್ಟು, “ಮಾಮ, ನಿಮ್ಮ ಕೈಬರಹದಲ್ಲಿ ಒಂದು ಸಹಿ ಬಿದ್ರೆ ಕೆಲಸಕ್ಕೊಂದು ಗೌರವ” ಎಂದಿರಿ. ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಕನ್ನಡಕ ಒಂದೇ. ಆಗ ಅದು ಸೂಜಿಗೆ ದಾರ ಪೋಣಿಸುತ್ತಿದ್ದ ಅಕ್ಕನ ಮೂಗಿನ ಮೇಲಿತ್ತು. ಮೇಲಿದ್ದ ಸಣ್ಣ ಅಕ್ಷರ ಕಾರ್ಖಾನೆಯವರದಿರಬೇಕು ಎಂದುಕೊಂಡು ಸಹಿ ಹಾಕಿದೆ. ಅರವತ್ತೊಂದು ವರ್ಷದ ನನ್ನ ಬಾಳಿನಲ್ಲಿ ಇಷ್ಟು ಮರ್ಯಾದೆ ಕೊಟ್ಟು ಯಾರೂ ನನ್ನನ್ನು ಹಳ್ಳಕ್ಕೆ ಕೆಡವಿರಲಿಲ್ಲ.

ಮಾನ್ಯರೇ, ಇಷ್ಟಾದ ಮೇಲೂ ನನಗೆ ತಮ್ಮ ಮೇಲೆ ಒಂದು ದೂರಿದೆ. ತಾವು ನನ್ನ ಮಾತು ಏಕೆ ಕೇಳಿದಿರಿ? ನನ್ನ ಮಾತನ್ನು ಈವರೆಗೆ ಅಕ್ಕ ಕೇಳಿಲ್ಲ, ಬಸ್ ಕಂಡಕ್ಟರು ಕೇಳಿಲ್ಲ, ನಾನೇ ಹಾಲು ಹಾಕಿ ಸಾಕಿದ ಬೆಕ್ಕು ಕೇಳಿಲ್ಲ. ಅದರಿಂದ ಯಾರ ಒಂದು ಕೂದಲೂ ಕೊಂಕಿಲ್ಲ. ಊರಿನಲ್ಲಿ ಕೇಳಿದವರು ತಾವೊಬ್ಬರು, ಫಲ ನೋಡಿ. ಎರಡು ಸಲ ಹೇಳಿ ಸುಮ್ಮನಾದಿರಿ. ಮೂರನೇ ಸಲ ನನ್ನ ಛತ್ರಿ ಕಸಿದುಕೊಂಡು ಅಟ್ಟಿಸಿಕೊಂಡು ಬಂದಿದ್ದರೆ ಇವತ್ತು ಏಳು ಶರಟು ಉಳಿಯುತ್ತಿದ್ದವು.

ಕಡೆಯದಾಗಿ ಬೇಡಿಕೆ. ಮಳೆಯನ್ನು ನೆಲದಿಂದ ಮೇಲಕ್ಕೆ ಸುರಿಯುವಂತೆ ತಾವು ವ್ಯವಸ್ಥೆ ಮಾಡಿಸಿದರೆ ನಮ್ಮ ಚಾವಣಿಯಲ್ಲಿ ಒಂದು ತೊಟ್ಟೂ ಒಳಗೆ ಬಾರದು. ಅದಕ್ಕೆ ನಾನು ಲಿಖಿತ ಭರವಸೆ ಕೊಡಬಲ್ಲೆ, ಅಕ್ಷರ ಹೇಗಿರುತ್ತದೆಂದು ತಮಗೆ ಗೊತ್ತು. ಅದು ಕಷ್ಟವಾದರೆ ಮನೆಯನ್ನೇ ಬುಡಸಮೇತ ಎತ್ತಿ ತಲೆಕೆಳಗಾಗಿ ಇಟ್ಟುಕೊಡಿ. ಏಳು ಶರಟು ನೆನೆದ ದಿನದಿಂದ ನಾವು ಹೇಗೂ ಹಾಗೇ ಇದ್ದೇವೆ. ಎರಡೂ ಆಗದಿದ್ದರೆ, ಅಕ್ಕ ಹೇಳುವ ಮೂರನೆಯದೊಂದಿದೆ: ಶನಿವಾರ ಬೆಳಿಗ್ಗೆ ಬಂದು, ಶೀಟೆಲ್ಲ ಬಿಚ್ಚಿ, ಅಂಚಿನಿಂದ ಶುರುಮಾಡಿ. ಭಾನುವಾರಕ್ಕೆ ಒಂದೇ ದಿನ ಉಳಿದಿರುತ್ತದೆ ಎಂಬುದನ್ನು ಮರೆಯಬೇಡಿ. ಆ ಕೀಲಿಕೈ ಕಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಔಷಧಿ ಅಂಗಡಿಗೂ ಹೆಡ್‌ಮಿಸ್ಸಿನ ಮನೆಗೂ ನಾನೇ ನಡೆದು ಹೋಗಿ, ತಪ್ಪು ನನ್ನದು, ಕಂಟ್ರಾಕ್ಟರದಲ್ಲ ಎಂದು ಹೇಳಿ ಬಂದಿದ್ದೇನೆ. ಹೆಡ್‌ಮಿಸ್ಸು ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಂದು ಸಲ ಹೇಳಿಸಿದರು. ಅವರ ಕಿವಿ ಚುರುಕಾಗಿಯೇ ಇದೆ. ಗೇಟಿನ ಮೇಲಿನ ಬರಹವನ್ನೂ ಅಳಿಸಿದ್ದೇನೆ. ಅಳಿಸಿದ್ದು ಮೂರನೇ ಮಳೆ ಎಂದು ಅಕ್ಕ ಪಕ್ಕದಿಂದ ತಿದ್ದುತ್ತಿದ್ದಾಳೆ. ಬೈದದ್ದು ನಾಲ್ಕು ಜನರ ಮುಂದೆ, ಒಪ್ಪಿಕೊಳ್ಳುವುದೂ ನಾಲ್ಕು ಜನರ ಮುಂದೆಯೇ ಆಗಬೇಕೆಂದು ಈ ಅಂಗಡಿಯ ಹಲಗೆಯನ್ನು ಆರಿಸಿದವಳೂ ಅವಳೇ. ಕ್ಷಮಿಸಿ ಎಂಬ ಮಾತು ಈ ಪತ್ರದಲ್ಲಿ ಇಲ್ಲದಿದ್ದರೆ ಅಂಟಿಸಲು ಗೋಂದು ಕೊಡುವುದಿಲ್ಲವೆಂದೂ ಹೇಳುತ್ತಿದ್ದಾಳೆ. ಕ್ಷಮಿಸಿ. ಗೋಂದಿಗಾಗಿ ಬರೆದದ್ದಲ್ಲ.

ಇನ್ನು ಮುಂದೆ ಮೇಲೆ ನೋಡುವ ಮೊದಲು ಕೆಳಗೆ ನೋಡುವುದಾಗಿ ಒಪ್ಪಿಕೊಂಡಿರುವ,
ತಮ್ಮ ವಿಶ್ವಾಸಿ,
ಟೈಲರಕ್ಕನ ತಮ್ಮ

ಬರೆಯಲು ಬಿಟ್ಟುಹೋದದ್ದು: ಶನಿವಾರ ನಾನು ಎದುರುಮನೆಯ ಜಗಲಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿರುತ್ತೇನೆ, ಛತ್ರಿ ಅಕ್ಕನ ವಶದಲ್ಲಿರುತ್ತದೆ. ಸಹಿಯಿರುವ ಶೀಟನ್ನು ಮಾತ್ರ ಬಿಸಾಡಬೇಡಿ, ತನ್ನ ಮೇಜಿನ ನೇರಕ್ಕೆ ಕಾಣುವ ಹಾಗೆ ಹೊದಿಸಿ ಎಂದು ಅಕ್ಕ ಕೇಳಿಕೊಂಡಿದ್ದಾಳೆ. ಅದನ್ನು ಬಿಚ್ಚುವಾಗ ತಾವೂ ಒಮ್ಮೆ ಕಣ್ಣಿಟ್ಟು ನೋಡಿ. ಮೂರು ಮಳೆಯಾದರೂ ಒಂದಕ್ಷರ ಮಾಸಿಲ್ಲ, ಒಂದು ಗೆರೆ ಕದಡಿಲ್ಲ. ಇಡೀ ಚಾವಣಿಯಲ್ಲಿ ನೀರಿಗೆ ಜಗ್ಗದೆ ನಿಂತ ಕೆಲಸ ಅದೊಂದೇ, ಮತ್ತು ಅದು ತಮ್ಮದಲ್ಲ.