ನಲವತ್ತೆರಡು ಮನೆಗಳ ರಾಗಿ ಹಿಟ್ಟು

ಬೀಸಿದ ರಾಗಿ ಹಿಟ್ಟನ್ನು ಪೊಟ್ಟಣ ಕಟ್ಟಿ ತುಮಕೂರಿನಲ್ಲಿ ಮಾರಿದರೆ ಲಾಭ ಖಂಡಿತ ಎಂಬ ಸತ್ಯ ನನಗೆ ಹೊಳೆದದ್ದು ಶಿರಾ ಗೇಟಿನ ಹೋಟೆಲೊಂದರಲ್ಲಿ, ಸತತ ಎಪ್ಪತ್ತನೇ ದಿನ ಇಡ್ಲಿ ತಿನ್ನುತ್ತಿದ್ದಾಗ. ಅರವತ್ತನೇ ದಿನವೂ ಇರಬಹುದು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು ಎಂಬುದಂತೂ ನಿಜ.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಟ್ಯುಟೋರಿಯಲ್ಲಿನ ಮೇಷ್ಟ್ರ ಕೆಲಸವನ್ನು ಬೇಸರವಾಗಿ ಬಿಟ್ಟಿದ್ದೆ. ಬಿಟ್ಟ ವಾರದಲ್ಲೇ ಹೆಂಡತಿ ಸರೋಜ ಕುಣಿಗಲ್ಲಿನ ತವರಿಗೆ ಹೋದಳು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಎರಡು ದಿನಕ್ಕೆ ಬಂದುಬಿಡುತ್ತಿದ್ದಳು.

ಹಿಟ್ಟಿನ ಯೋಜನೆಯನ್ನು ಕುಣಿಗಲ್ಲಿಗೇ ಹೋಗಿ ವಿವರಿಸಿದೆ. ಆಫೀಸಿಗೆ ಹೋಗುವ ಜನಕ್ಕೆ ರಾಗಿ ಹಸನು ಮಾಡಿ ಮಿಲ್ಲಿಗೆ ಹೊರಲು ಪುರುಸೊತ್ತೆಲ್ಲಿದೆ?

"ಹತ್ತು ಮನೆಯವ್ರು ನಿಜವಾಗ್ಲೂ ತಗೋತಾರೆ ಅಂತ ತೋರ್ಸಿ, ನಾಳೇನೇ ಬರ್ತೀನಿ," ಎಂದಳು ಸರೋಜ. "ಇಲ್ದಿದ್ರೆ ಸುಮ್ನೆ ಯಾವ್ದಾದ್ರೂ ಸ್ಕೂಲಿಗೆ ಅರ್ಜಿ ಹಾಕಿ."

ಹತ್ತೇ? ನಾನು ಸುತ್ತಲಿನ ಬೀದಿಗಳಲ್ಲಿ ಶಾಸ್ತ್ರೋಕ್ತವಾಗಿ ಸರ್ವೆ ಆರಂಭಿಸಿದೆ. ಮನೆಯಲ್ಲಿ ಎಷ್ಟು ಜನ, ಹೊತ್ತಿಗೆ ಎಷ್ಟು ಮುದ್ದೆ, ದೊಡ್ಡದೋ ಚಿಕ್ಕದೋ, ಬಸ್ಸಾರಿಗೆ ಒಂದು ಹೆಚ್ಚೋ? ಯಾವ ಪ್ರಶ್ನೆಯನ್ನೂ ಬಿಡಲಿಲ್ಲ. ಹೆಸರು ಕೇಳಿದರೆ ಸರ್ಕಾರದ ಕಡೆಯವನೆಂದು ಹೆದರಬಹುದೆಂದು ಮನೆಗಳನ್ನು ಗುರುತಿನಿಂದ ಬರೆದುಕೊಂಡೆ: ಹಸಿರು ಬಾಗಿಲು, ಪರಂಗಿ ಗಿಡ, ಏಲಕ್ಕಿ ಕಾಫಿ.

ಹೌದು, ಕಾಫಿ. ಬಂದವರನ್ನು ಬಾಗಿಲಿನಿಂದಲೇ ಕಳಿಸುವ ಜನ ಅಲ್ಲ ಇವರು. ಕೂರಿಸುತ್ತಿದ್ದರು, ಕಾಫಿ ಕೊಡುತ್ತಿದ್ದರು, ಊಟ ಆಯಿತೇ ಎಂದು ಕೇಳುತ್ತಿದ್ದರು. ಹೋಟೆಲಿನ ಮಾಣಿಯನ್ನು ಬಿಟ್ಟರೆ ನನ್ನೊಡನೆ ಮಾತಾಡುವವರೇ ಇರಲಿಲ್ಲವಾದ್ದರಿಂದ ಸರ್ವೆ ಒಂದು ವಾರದ ಬದಲು ಎರಡು ತಿಂಗಳು ನಡೆಯಿತು. ವಿಜ್ಞಾನಕ್ಕೆ ಅವಸರ ಸಲ್ಲದು.

ಒಟ್ಟು ನಲವತ್ತೆರಡು ಮನೆ. ಎಲ್ಲರೂ ದಿನಾ ಮುದ್ದೆ ಉಣ್ಣುವವರು! ಸರೋಜಳಿಗೆ ಕಾಗದ ಹಾಕಿದೆ: "ಸೋಮವಾರ ಮಾರಾಟ. ಬಾ."

ಭಾನುವಾರ ಗುಬ್ಬಿಗೆ ಹೋಗಿ ರಾಗಿ ಕೊಂಡು ಅಲ್ಲೇ ಬೀಸಿಸಿದೆ. ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೂಟೆಗಳು. ಒಂದರ ಮೇಲೆ ಕಾಲಿಟ್ಟೆ.

"ಸಾರ್, ಕಾಲ್ ತೆಗೀರಿ, ತಿನ್ನೋ ಪದಾರ್ಥ," ಎಂದ ಕಂಡಕ್ಟರ್.

ಮೂಟೆಯ ಒಡೆಯ, ಕನ್ನಡಕದ ಗುಮಾಸ್ತರೊಬ್ಬರು, ನಾಚಿಕೆಯಿಂದ ನಕ್ಕರು. "ರಾಗಿ ಹಿಟ್ಟು ಸಾರ್. ಊರಿಗೆ ಹೋದ್ರೆ ನಮ್ಮಮ್ಮ ಬರೀ ಕೈಲಿ ಕಳ್ಸಲ್ಲ."

ನಾನು ಸರ್ವೆಯ ಪುಸ್ತಕ ತೆಗೆದು ಬರೆದುಕೊಂಡೆ: "ಸಾರಿಗೆ ವ್ಯವಸ್ಥೆ ಶೋಚನೀಯ."

ಸೋಮವಾರ ಬೆಳಿಗ್ಗೆ ಇಪ್ಪತ್ತು ಪೊಟ್ಟಣಗಳೊಡನೆ ಮೊದಲು ಹಸಿರು ಬಾಗಿಲು ತಟ್ಟಿದೆ. ಆ ಮನೆಯ ನಂಜಮ್ಮನವರು ಪೊಟ್ಟಣವನ್ನು ಮೂಸಿ, ಚೆನ್ನಾಗಿದೆ ಎಂದು ಹೇಳಿ, ವಾಪಸ್ಸು ಕೊಟ್ಟರು.

"ನಮ್ಗೆ ಊರ್ಡಿಗೆರೆಯಿಂದ ಬರುತ್ತಲ್ಲ ಮೇಷ್ಟ್ರೇ. ಅತ್ತೆ ಬೀಸ್ಸಿ ಕಳ್ಸ್ತಾರೆ."

"ಆವತ್ತೇ ಯಾಕ್ರೀ ಹೇಳ್ಲಿಲ್ಲ?"

"ನೀವ್ ಕೇಳ್ಲಿಲ್ವಲ್ಲ. ಎಷ್ಟ್ ಮುದ್ದೆ ಅಂದ್ರಿ, ಹೇಳಿದ್ವಿ."

ಮುದ್ದೆಯ ಗಾತ್ರ ಕೇಳಿದ್ದೆ. ಹಿಟ್ಟು ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಿರಲಿಲ್ಲ. ಇರಲಿ, ಇನ್ನೂ ನಲವತ್ತೊಂದು ಮನೆಗಳಿವೆ ಎಂದು ಸಂದಿ ಬಳಸಿ ಪರಂಗಿ ಗಿಡದ ಮನೆಯ ಬಾಗಿಲು ತಟ್ಟಿದೆ. ನಂಜಮ್ಮನವರೇ ತೆಗೆದರು.

"ಇದು ನಮ್ ಹಿತ್ಲು ಬಾಗ್ಲು ಮೇಷ್ಟ್ರೇ," ಎಂದರು ಮೆತ್ತಗೆ.

ಪುಸ್ತಕ ನೋಡಿದೆ. ಮುಂದಿನದು ಏಲಕ್ಕಿ ಕಾಫಿ. ಕೇಳುವ ಧೈರ್ಯವಾಗಲಿಲ್ಲ, ಆದರೂ ಕೇಳಿದೆ. "ನೀವು ಕಾಫಿಗೆ ಏಲಕ್ಕಿ ಹಾಕ್ತೀರಾ?"

"ಮೂರ್ನೇ ಸಲ ಬಂದಾಗ ಹಾಕಿದ್ದೆ."

"ಬಂದವ್ನೇ ಮತ್ತೆ ಬಂದಿದಾನೆ ಅಂತ ನಿಮ್ಗೆ ಗೊತ್ತಿತ್ತಾ?"

"ಬೀದಿಗೆಲ್ಲಾ ಗೊತ್ತು. ಮನೇಲಿ ಒಬ್ರೇ ಇದಾರೆ, ಮಾತಿಗೆ ಅಂತ ಬರ್ತಾರೆ, ಪುಸ್ತಕ ನೆಪಕ್ಕೆ ಅಂದ್ಕೊಂಡ್ವಿ. ಅದನ್ನೆಲ್ಲಾ ಹೇಳೋಕಾಗುತ್ತಾ?"

ಸಂಜೆಯ ಹೊತ್ತಿಗೆ ನಲವತ್ತೆರಡು ಮನೆಗಳು ಹದಿನೈದಕ್ಕೆ ಇಳಿದವು. ಹದಿನೈದಕ್ಕೂ ಹಿಟ್ಟು ಊರಿನಿಂದಲೇ ಬರುತ್ತಿತ್ತು. ಗೂಳೂರಿನ ಅಣ್ಣನೋ ಗುಬ್ಬಿಯ ಅಮ್ಮನೋ ಕಳಿಸುತ್ತಿದ್ದರು. ಒಂದು ಪೊಟ್ಟಣವೂ ಹೋಗಲಿಲ್ಲ. ಬದಲಿಗೆ, "ನಮ್ಮೂರಿಂದು ರುಚಿ ನೋಡಿ" ಎಂದು ಪ್ರತಿ ಮನೆಯವರೂ ನನ್ನ ಚೀಲಕ್ಕೆ ಒಂದೊಂದು ಪಾವು ಸುರಿದರು. ಮಾರಲು ಹೊರಟ ಸರಕು ಮೊದಲಿಗಿಂತ ಹೆಚ್ಚಾಗಿ ಮನೆಗೆ ಮರಳಿದ್ದು ಅರ್ಥಶಾಸ್ತ್ರದಲ್ಲಿ ಬಹುಶಃ ಮೊದಲ ಸಲ.

ಮನೆಯ ಮೆಟ್ಟಿಲ ಮೇಲೆ ಸರೋಜ ಕೂತಿದ್ದಳು. ಪಕ್ಕದಲ್ಲೊಂದು ಬಟ್ಟೆಯ ಗಂಟು.

"ಏನದು?"

"ಅಮ್ಮ ಹಿಟ್ಟು ಕೊಟ್ಲು."

ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಊರವ್ರದ್ದು ಹೋಗ್ಲಿ. ನಮ್ಮನೆಗೆ ಇಷ್ಟ್ ವರ್ಷ ಹಿಟ್ಟು ಎಲ್ಲಿಂದ ಬರ್ತಿತ್ತು ಅಂತ ನಿಮ್ಗೆ ಜ್ಞಾಪಕ ಇರ್ಲಿಲ್ವಾ?"

ಇರಲಿಲ್ಲ. ಡಬ್ಬ ಯಾವಾಗಲೂ ತುಂಬಿರುತ್ತಿತ್ತು. ತುಂಬಿರುವುದೇ ಡಬ್ಬದ ಸ್ವಭಾವ ಎಂದುಕೊಂಡಿದ್ದೆ.

ಹತ್ತು ಮನೆಯ ಮಾತು ಮಾತೇ. ಅವಳು ಕೊನೆಯ ಬಸ್ಸಿಗೆ ಕುಣಿಗಲ್ಲಿಗೆ ಹೊರಟಳು. ಕಿಟಕಿಯಿಂದ, "ಅರ್ಜಿ ಹಾಕಿದ ದಿನ ಕಾಗದ ಬರೀರಿ. ಹಿಟ್ಟಿಗೆ ಹುಳ ಬಿದ್ದಾವು, ಒಣಗಿದ ಡಬ್ಬದಲ್ಲಿಡಿ," ಎಂದಳು.

ಮಾರನೆಯ ದಿನ ಅರ್ಜಿ ಬರೆದು ಅಂಚೆಗೆ ಹಾಕಿದೆ. ಮುದ್ದೆಯನ್ನೂ ಮಾಡಿದೆ. ಅದು ಮುದ್ದೆಯಾಗದೆ ಗಂಟುಗಳ ಗಂಜಿಯಾಯಿತು. ಪುಸ್ತಕ ಹಿಡಿದು ಹೊರಟೆ.

ನಂಜಮ್ಮನವರು ಕಾಫಿ ಪಾತ್ರೆ ಒಲೆಗಿಟ್ಟೇ ಕೇಳಿದರು. "ಇವತ್ತೇನ್ ಕೇಳ್ಬೇಕು ಮೇಷ್ಟ್ರೇ?"

"ಹಿಟ್ಟು ಹಾಕೋದು ನೀರು ಕುದಿಯೋ ಮುಂಚೆನೋ, ಆಮೇಲೋ?"

ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಮೇಲೆ ಎಂದಿನಂತೆ ಮನೆಯ ಗುರುತು ಹಾಕಿದೆ: ಹಸಿರು ಬಾಗಿಲು. ಅದರ ಕೆಳಗೆ, ಈ ಸಲ ಮರೆಯದೆ: ಹೊಸ ಮನೆಯಲ್ಲ.