ತೊಲೆಗೊಂದು ವಾಹನ

ಆಯ್ಕೆಯೇ ಇಲ್ಲದವನು ಸುಖವಾಗಿ ನಿದ್ದೆ ಮಾಡುತ್ತಾನೆ ಎಂಬುದು ನನ್ನ ಅನುಭವ. ಸೀರೆಯ ಒಡಲಿಗೆ ಯಾವ ಅಂಚು ಒಪ್ಪುತ್ತದೆ ಎಂದು ಕೇಳಿ, ಥಟ್ಟನೆ ಹೇಳುತ್ತೇನೆ. ಅದು ನಮ್ಮ ಮನೆತನದ ಕಸುಬು. ಆದರೆ ಒಂದು ತೊಲೆಯನ್ನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಯಾವುದರಲ್ಲಿ ತರಬೇಕು ಎಂಬ ಪ್ರಶ್ನೆ ಎದುರಾದಾಗ ನನಗೆ ಊಟವೇ ರುಚಿಸದಂತಾಯಿತು.

ನಮ್ಮ ಮಗ್ಗದ ಕೋಣೆಯ ತೊಲೆಗೆ ಗೆದ್ದಲು ಹಿಡಿದಿತ್ತು. ಬಿದಿರಿನ ಆಸರೆ ಕೊಟ್ಟು ನೇಯುತ್ತಿದ್ದೆ. ಲಾಳಿ ಎಸೆದಾಗಲೆಲ್ಲ ತಲೆಯ ಮೇಲೆ ಮಣ್ಣು ಉದುರುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಏಳುವುದು ಯಾವಾಗ, ಓಡುವುದು ಯಾವಾಗ? ಒಂದು ದಿನ ಹೆಂಚೊಂದು ಕಿವಿಯ ಪಕ್ಕದಲ್ಲೇ ಬಿತ್ತು. ಹೆಂಡತಿ ಪುಟ್ಟಗೌರಮ್ಮ, "ಹೊಸ ತೊಲೆ ಬರೋಗಂಟ ನೀವು ಈ ಗುಂಡಿಗೆ ಇಳಿಯೋ ಅಂಗಿಲ್ಲ" ಎಂದು ಮಗ್ಗವನ್ನೇ ನಿಲ್ಲಿಸಿಬಿಟ್ಟಳು. ನಮ್ಮಂಥವರ ಮನೆಯಲ್ಲಿ ಮಗ್ಗ ನಿಂತರೆ ಒಲೆಯೂ ನಿಂತಂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಯಳಂದೂರಿನ ಬಡಗಿ ವೀರಾಚಾರ್ರು ಬೆಟ್ಟದ ಕಡೆಯ ಗಟ್ಟಿ ಮರ ನೋಡಿ ತೊಲೆ ಕೆತ್ತಿಟ್ಟರು. ಅದನ್ನು ಕೂರಿಸಲು ಅವರೂ ಬರಬೇಕು, ಅವರ ಗರಗಸ, ಬಾಚಿ, ಉಳಿಗಳ ಪೆಟ್ಟಿಗೆಯೂ ಬರಬೇಕು. "ನನ್ ಪೆಟ್ಗೆ ಎಲ್ಲೋ ನಾನೂ ಅಲ್ಲೇ ಕಣಪ್ಪಾ. ಬ್ಯಾರೆ ಬ್ಯಾರೆ ಬರಾಕಿಲ್ಲ" ಎಂದರು. ಬಸ್ಸಿನ ಕಂಡಕ್ಟರನ್ನು ಕೇಳಿದೆ. "ಆಚಾರ್ರು ಒಳಗ್ ಕೂತ್ಕಳ್ಲಿ, ಪೆಟ್ಗೆ ಮ್ಯಾಲೆ ಆಕನ. ತೊಲೆ ಮಾತ್ರ ಆಗಾಕಿಲ್ಲ ಸಾ" ಎಂದ. ಜಟಕಾಕ್ಕೆ ತೊಲೆ ಹೇರಿದರೆ ಕುದುರೆ ನೆಲ ಬಿಟ್ಟು ಆಕಾಶದಲ್ಲಿ ನಿಲ್ಲುತ್ತದೆ. ಉಳಿದದ್ದು ಎತ್ತಿನ ಗಾಡಿ, ಇಲ್ಲವೇ ಲಾರಿ.

ಹನೂರಿನ ಗಾಡಿ ಮಾದಪ್ಪ, "ಮಧ್ಯಾನ ತಿರುಗ್ತದೆ ಸಾ, ಆದ್ರೆ ಜ್ವಾಪಾನವಾಗಿ ತತ್ತೀನಿ" ಎಂದ. ರಾಮಾಪುರಕ್ಕೆ ಹೋಗುವ ಲಾರಿಯ ಡ್ರೈವರು, "ತಿಂಡಿ ಒತ್ಗೆ ನಿಮ್ ಬೀದೀಲಿರ್ತೀನಿ" ಎಂದ. ಬೀದಿಯವರು ನನ್ನ ಜಗುಲಿಯ ಮೇಲೆ ಕೂತು ಎರಡು ಪಂಗಡವಾದರು. ಆಗ ಯಳಂದೂರು ಮೈಸೂರು ಸೀಮೆ, ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದು. ಗಡಿಯಲ್ಲಿ ಲಾರಿಯನ್ನೇ ತಡೆಯುತ್ತಾರೆ ಎಂದರು ಕೆಲವರು, ಗಾಡಿಯನ್ನೇ ತಡೆಯುತ್ತಾರೆ ಎಂದರು ಮಿಕ್ಕವರು. ಬೆಳಿಗ್ಗೆ ನಾನು ಗಾಡಿಯ ಕಡೆಗಿದ್ದರೆ ಸಂಜೆಗೆ ಲಾರಿಯ ಕಡೆಗಿರುತ್ತಿದ್ದೆ. ಕೊನೆಗೆ ಬೇಗ ಬರುವುದೇ ಮೇಲೆಂದು ಲಾರಿಯನ್ನು ಗೊತ್ತುಮಾಡಿದೆ.

ಹಿಂದಿನ ದಿನವೇ ಯಳಂದೂರಿಗೆ ಹೋಗಿ ಕಾದಿದ್ದೆ. ಲಾರಿ ಹೇಳಿದ ಹೊತ್ತಿಗೇ ಬಂತು. ಆಚಾರ್ರು ಹಿಂದೆ ಪೆಟ್ಟಿಗೆಯ ಮೇಲೆ, ನಾನು ಡ್ರೈವರ್ ಪಕ್ಕದಲ್ಲಿ ಸಾಹುಕಾರನ ಗತ್ತಿನಲ್ಲಿ. ನಮ್ಮ ಬೀದಿಯ ಮೂಲೆ ತಿರುಗಿದರೆ, ಈ ತುದಿಯಿಂದ ಆ ತುದಿಯವರೆಗೆ ಮಗ್ಗಕ್ಕೇರಿಸುವ ರೇಷ್ಮೆ ಎಳೆಗಳ ಹಾಸು ಬಿಗಿದು ಕಟ್ಟಿದೆ! ನೇಕಾರರ ಬೀದಿಯಲ್ಲಿ ಒಂದೊಂದು ಬೆಳಿಗ್ಗೆ ಒಂದೊಂದು ಮನೆಯವರಿಗೆ ಬೀದಿ ಬಿಟ್ಟುಕೊಡುವುದು ವಾಡಿಕೆ. ಎಳೆಗಳಿಗೆ ಗಂಜಿ ಸವರಿ, ಅದು ಒಣಗಿ, ಹಾಸನ್ನು ಸುತ್ತುವವರೆಗೆ ಲಾರಿಯಿರಲಿ, ಆಡು ಕೂಡ ನುಗ್ಗುವಂತಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಯಾರ್ಲಾ ಅದು, ಇವತ್ತೇ ಹಾಸು ಕಟ್ಟಿರೋದು? ಗ್ಯಾನ ಬ್ಯಾಡ್ವಾ?" ಎಂದು ಇಳಿದು ಕೂಗಿದೆ.

ಹಾಸಿನ ಆಚೆಯಿಂದ ಪುಟ್ಟಗೌರಮ್ಮ ಗಂಜಿ ಕೈಯಲ್ಲೇ ತಲೆಯೆತ್ತಿದಳು. "ನಮ್ದೇ ಕಣ್ರೀ! ತೊಲೆಗೂ ಹಾಸಿಗೂ ಇವತ್ತೇ ಒಳ್ಳೆ ದಿನ ಅಂತ ಐನೋರ್ನ ಕೇಳ್ಕಂಡು ಬಂದೋರು ನೀವೇ ಅಲ್ವಾ?"

ಹೌದು, ನಾನೇ. ಲಾರಿಯೋ ಗಾಡಿಯೋ ಎಂಬ ಯೋಚನೆಯಲ್ಲಿ ಅದು ತಲೆಯಿಂದ ಹಾರಿಹೋಗಿತ್ತು.

ಡ್ರೈವರು ಹೊತ್ತಾಯಿತೆಂದು ತೊಲೆಯನ್ನು ಮೂಲೆಯಲ್ಲೇ ಉರುಳಿಸಿ ಹೊರಟುಹೋದ. ಆಚಾರ್ರೂ ನಾನೂ ಅದರ ಮೇಲೆ ಕೂತು ನಮ್ಮ ಹಾಸು ಒಣಗುವುದನ್ನೇ ನೋಡಿದೆವು. ಸುತ್ತಿ ಮುಗಿಸುವಾಗ ಮಧ್ಯಾಹ್ನ ತಿರುಗಿತ್ತು.

"ಗಾಡೀಲಿ ತಂದಿದ್ರೆ ಈಗ ಸರ್ಯಾಗಿ ಮನೆ ಮುಂದ್ಕೇ ಬತ್ತಿತ್ತು" ಎಂದಳು ಪುಟ್ಟಗೌರಮ್ಮ.

ಬೀದಿಯವರು ಹೆಗಲು ಕೊಡಲು ಬಂದರು. ನಾನು ಟವೆಲನ್ನು ಸಿಂಬೆ ಸುತ್ತಿ ಹೆಗಲ ಮೇಲಿಟ್ಟುಕೊಂಡು, ಮುಂದಿನ ತುದಿ ಹಿಡಿಯುವುದು ವಾಸಿಯೋ ಹಿಂದಿನದೋ ಎಂದು ಯೋಚಿಸುತ್ತ ನಿಂತೆ. ಯೋಚನೆ ಮುಗಿಸಿ ನೋಡುತ್ತೇನೆ, ತೊಲೆ ಆಗಲೇ ನಮ್ಮ ಬಾಗಿಲು ದಾಟಿ ಒಳಗೆ ಹೋಗುತ್ತಿತ್ತು.