ಅಡುಗೆ ಕಟ್ಟೆಗೆ ಅಂಟು ಹಾಕಿದ್ದು

ಯಾರಾದರೂ ‘ಇದು ನಿಮ್ಮ ಕೈಲಿ ಆಗೋದಲ್ಲ’ ಎಂದರೆ ಸಾಕು, ಅಲ್ಲಿಯವರೆಗೆ ಬೇಡವಾಗಿದ್ದ ಕೆಲಸವೂ ನನ್ನದಾಗಿಬಿಡುತ್ತದೆ. ಹಿಂದೊಮ್ಮೆ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿ, ನಾಲ್ಕು ಸ್ಕ್ರೂ ಉಳಿಸಿದವನು ನಾನು. ಮಿಕ್ಸಿ ಆಮೇಲೆ ತಿರುಗಲಿಲ್ಲ, ಆ ಮಾತು ಬೇರೆ. ಈ ಸಲ ಸಿಕ್ಕಿಬಿದ್ದದ್ದು ಅಡುಗೆ ಕಟ್ಟೆಗೆ. ಹಳೆಯ ಕಡಪಾ ಕಲ್ಲು ಕೀಳಿಸಿ, ಕಂದು ಬಣ್ಣದ, ಕಲ್ಲಿನಂತೆ ಕಾಣುವ ಎರಡು ಸಾಲಿಡ್ ಸರ್ಫೇಸ್ ಹಲಗೆ ತರಿಸಿದ್ದೆವು. ಅವನ್ನು ಎಪಾಕ್ಸಿ ಅಂಟಿನಿಂದ ಒಂದಾಗಿಸಬೇಕಿದ್ದ ಮಿಸ್ತ್ರಿ ಶಿವಮೊಗ್ಗದಿಂದ ಹೊನ್ನಾಳಿಗೆ ಬರಲೇ ಇಲ್ಲ. ಫೋನಿನಲ್ಲಿ, “ನೀವು ಮುಟ್ಟಬ್ಯಾಡ್ರಿ ಸಾರ್, ನಿಮ್ಮ ಕೈಲಿ ಆಗೋ ಕೆಲಸಲ್ಲ ಅದು” ಎಂದ. ಮುಗಿಯಿತಲ್ಲ! ಅಷ್ಟರಲ್ಲಿ ಹೆಂಡತಿ ಗಿರಿಜಾ ಮಂಡಿನೋವು ಕಟ್ಟಿಕೊಂಡು ನೆಲದ ಮೇಲೆ ಒಲೆ ಇಟ್ಟು ಅಡುಗೆ ಮಾಡಲಾರಂಭಿಸಿ ವಾರವಾಗಿತ್ತು.

ಅಂಗಡಿಯಲ್ಲಿ ಇದ್ದದ್ದು ಬಿಳಿ ಅಂಟು. “ಬಣ್ಣ ಹೊಂದೋದು ಬೇಕಂದ್ರೆ ದಾವಣಗೆರೆಯಿಂದ ತರಿಸ್ಬೇಕ್ರಿ” ಎಂದರು. ಇಷ್ಟು ವರ್ಷ ಅಡಿಕೆ ವ್ಯಾಪಾರ ಮಾಡಿದವನಿಗೆ ಬಣ್ಣದ ಪಾಠವೇ? ಬಿಳಿಚಿಕೊಂಡ ಅಡಿಕೆಯನ್ನೂ ಕೆಂಪಾಗಿಸುವ ಚೊಗರು ಇದೆಯಲ್ಲ, ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು, ಅದನ್ನೇ ಒಂದು ಸೌಟು ಅಂಟಿಗೆ ಬೆರೆಸಿದೆ. ಬಣ್ಣ ಹೊಂದಿತು. ಹಲಗೆಗಳನ್ನು ಕ್ಲಾಂಪು ಹಾಕಿ ಬಿಗಿದು ಮೀಸೆ ತಿರುವಿದೆ. ಮರುದಿನ ಮುಟ್ಟಿದರೆ ಅಂಟು ಗಟ್ಟಿಯಾಗದೆ ಬೆಲ್ಲದ ಪಾಕ!

“ಇದೇನ್ರೀ, ಕಟ್ಟೆ ಜೋಡಿಸಾಕೆ ಹೊಂಟೀರೋ, ಅಡಿಕೆಗೆ ಬಣ್ಣ ಕಟ್ಟಾಕೋ?” ಎಂದು ಗಿರಿಜಾ ನಕ್ಕಳು. ನಗಲಿ, ಅಭ್ಯಾಸವಿದೆ. ಆದರೆ ನಕ್ಕು ಏಳುವಾಗ ಗೋಡೆ ಹಿಡಿದು “ಯಪ್ಪಾ” ಎಂದಳು ನೋಡಿ, ಆಗ ನಿಜಕ್ಕೂ ನಾಚಿಕೆಯಾಯಿತು. ಈಗಂತೂ ಬಿಡುವ ಮಾತೇ ಇರಲಿಲ್ಲ.

ಸರಿಯಾದ ಬಣ್ಣದ ಅಂಟನ್ನು ದಾವಣಗೆರೆ ಬಸ್ಸಿನಲ್ಲಿ ತರಿಸಿದೆ. ಹಳೆಯದನ್ನು ಕೆರೆದು, ಅಂಚು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಗಿರಿಜಾ ಕನ್ನಡಕ ಹಾಕಿಕೊಂಡು ಅಂಟಿನ ಜೊತೆ ಬಂದ ಚೀಟಿ ಓದಿದಳು. “ಒಂದು ಹನಿ ನೀರೂ ತಾಗಬಾರದಂತೆ. ನೀವು ಸೌಟು ಸುರಿದೀರಿ!” ಎರಡು ಡಬ್ಬಿಯ ಅಂಟನ್ನೂ ಔಷಧಿ ಮುಚ್ಚಳದಲ್ಲಿ ಅಳೆದು ಕಲಸಿಕೊಟ್ಟವಳೂ ಅವಳೇ. ಹಚ್ಚಿ ಮತ್ತೆ ಕ್ಲಾಂಪು ಬಿಗಿದೆ. ಗಟ್ಟಿಯಾದ ಮೇಲೆ ತೋಳು ಬಿದ್ದುಹೋಗುವಷ್ಟು ಸ್ಯಾಂಡ್ ಪೇಪರ್ ಉಜ್ಜಿದೆ.

ಭಾನುವಾರ ಪಕ್ಕದ ಮನೆ ಶಿವಣ್ಣ ಬಂದ. ಗಿರಿಜಾ ಹೊಸ ಕಟ್ಟೆಯ ಮುಂದೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. “ಎರಡು ಹಲಗೆ, ನಾನೇ ಜೋಡಿಸಿದ್ದು” ಎಂದೆ.

“ಎಲ್ಲೈತಣ್ಣ ಜಾಯಿಂಟು?”

ತೋರಿಸಲು ಹೋದೆ. ಬೆರಳಾಡಿಸಿದೆ, ಬಗ್ಗಿ ನೋಡಿದೆ, ಟಾರ್ಚು ಬಿಟ್ಟೆ. ಊಹೂಂ. “ಇರಲಿ ಬಿಡಣ್ಣ, ಒಂದೇ ಹಲಗೆ ಆದ್ರೇನು, ಚೆನ್ನಾಗೈತೆ” ಎಂದು ಅವನೇ ಸಮಾಧಾನ ಹೇಳಿದ. ಸಾಕ್ಷಿಗೆಂದು ಗಿರಿಜಾಳ ಕಡೆ ತಿರುಗಿದೆ.

“ಇವರಿಗೆ ಎಲ್ಲಿ ಬರ್ತೈತೆ ಶಿವಣ್ಣ ಇಂಥ ಕೆಲಸ” ಎಂದಳು ಮಹಾತಾಯಿ, ಬಾಣಲೆಯಿಂದ ಕಣ್ಣೆತ್ತದೆ.

ಜಗಳಕ್ಕೆ ಬಾಯಿ ತೆರೆದೆ. ಆದರೆ ಅವಳು ಅದನ್ನು ನೆಟ್ಟಗೆ ನಿಂತು ಹೇಳಿದ್ದಳು, ಕೈ ಮಂಡಿಯ ಮೇಲಿರಲಿಲ್ಲ. ತೆರೆದ ಬಾಯಿಗೆ ಒಂದು ಬಜ್ಜಿ ಹಾಕಿಕೊಂಡೆ.